ಉರಿಯುವ ಈಟಿ: ಜಮೈಕದ ಗಾಯಕ ವಿನ್‌ಸ್ಟನ್ ರಾಡ್ನಿ

ಒಂದು ಜನಾಂಗದ ಇತಿಹಾಸವು ಎಲ್ಲಿ ಉಳಿದಿರುತ್ತದೆಂದು ಕೇಳಿದರೆ ನಮ್ಮ ಪಂಡಿತರು ಸಾಮಾನ್ಯವಾಗಿ ಶಾಸನ, ನಾಣ್ಯ, ಕಡತ, ಗ್ರಂಥ ಎಂಬ ನಾಲ್ಕನ್ನು ಹೇಳುವರು. ಈ ಉತ್ತರವು ತಪ್ಪಲ್ಲ. ನಮ್ಮ ಬೆಂಗಳೂರಿನ ಹೆಸರಿಗೆ ದೊರೆತಿರುವ ಬಲು ಹಳೆಯ ಆಧಾರವು ಬೇಗೂರಿನ ವೀರಗಲ್ಲು. ಕ್ರಿಸ್ತಶಕ ೮೯೦ರ ಸುಮಾರಿನ ಆ ಕಲ್ಲು ‘ಬೆಂಗಳೂರ ಕಾಳಗ’ವೊಂದನ್ನು ಸ್ಮರಿಸುತ್ತದೆ. ಇಂತಹ ಶಾಸನಗಳನ್ನು ರೈಸ್ ಮಹಾಶಯರು ೧೯೦೫ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಒಂಬತ್ತನೆಯ ಸಂಪುಟವಾಗಿ ಅಚ್ಚು ಹಾಕಿಸದೆ ಇದ್ದಿದ್ದರೆ ಈ ಜಿಲ್ಲೆಯ ಪೂರ್ವವೃತ್ತಾಂತವು ನಮಗೆ ಇಷ್ಟು ತಿಳಿಯುತ್ತಿರಲಿಲ್ಲ. ಆದರೂ ಒಂದು ಮಾತನ್ನು ಯೋಚಿಸಬೇಕಾಗಿದೆ. ಕಾಳಗದಲ್ಲಿ ಮಡಿದವನಿಗೆ ಕಲ್ಲುಂಟು. ಆ ಕಾಳಗ ನಡೆದ ಹೊಲವನ್ನು ಉತ್ತವನಿಗೆ ಕಲ್ಲಿಲ್ಲ. ದತ್ತಿ ಕೊಟ್ಟವನ ಹೆಸರು ಶಾಸನದಲ್ಲಿ ನಿಂತಿತು. ಆ ದತ್ತಿಯ ಗದ್ದೆಯಲ್ಲಿ ನಾಟಿ ಹಾಕಿದವಳ ಹೆಸರು ಎಲ್ಲಿಯೂ ನಿಲ್ಲಲಿಲ್ಲ. ಇಂತಹವರ ಚರಿತ್ರೆಗೆ ಉಳಿದಿರುವ ಮನೆ ಒಂದೇ. ಅದು ಅವರ ಹಾಡು.

ಈ ಮಾತಿಗೆ ನಮ್ಮ ಕಾಲದಲ್ಲಿ ದೊರೆಯುವ ಅತ್ಯಂತ ಸ್ಪಷ್ಟವಾದ ದೃಷ್ಟಾಂತವು ನಮ್ಮ ದೇಶದಲ್ಲಿ ಅಲ್ಲ, ಭೂಮಿಯ ಇನ್ನೊಂದು ಮಗ್ಗುಲಲ್ಲಿ, ಜಮೈಕ ಎಂಬ ದ್ವೀಪದಲ್ಲಿದೆ. ಅಲ್ಲಿಯ ಗಾಯಕನಾದ ವಿನ್‌ಸ್ಟನ್ ರಾಡ್ನಿ ಎಂಬಾತನು ಲೋಕಕ್ಕೆ ಪರಿಚಿತನಾಗಿರುವುದು ‘ಬರ್ನಿಂಗ್ ಸ್ಪಿಯರ್’, ಅಂದರೆ ‘ಉರಿಯುವ ಈಟಿ’, ಎಂಬ ಹೆಸರಿನಿಂದ. ಆತನು ಹಾಡುವ ಸಂಗೀತದ ಬಗೆಗೆ ‘ರೂಟ್ಸ್ ರೆಗ್ಗೆ’ ಎಂದು ಹೆಸರು. ಬೇರಿನ ಹಾಡು ಎಂದು ನಾವು ಹೇಳಬಹುದು. ಈಗ ಮಾರತ್ತಹಳ್ಳಿಯಂತಹ ನಮ್ಮ ಹೊರವಲಯದ ಊರುಗಳಲ್ಲಿ ವಾಸಿಸುವ ತರುಣರು ರೆಗ್ಗೆ ಎಂಬ ಮಾತನ್ನು ಬಲ್ಲರು. ಬಾಬ್ ಮಾರ್ಲಿಯ ಮುಖವನ್ನು ಅಂಗಿಗಳ ಮೇಲೆ ಕಂಡಿರುವರು. ಆ ಮುಖದ ಹಿಂದೆ ಇರುವ ಚರಿತ್ರೆಯನ್ನು ತಿಳಿದವರು ವಿರಳ. ಆದುದರಿಂದ ಈ ಗಾಯಕನ ಜೀವನವನ್ನು ವಾಚಕರ ಮುಂದಿಡುವುದು ಉಪಯುಕ್ತವೆಂದು ತೋರಿದೆ.

ಮೊದಲು ದೇಶದ ಸಂಗತಿ. ಜಮೈಕವು ವಿಸ್ತೀರ್ಣದಲ್ಲಿ ನಮ್ಮ ತುಮಕೂರು ಜಿಲ್ಲೆಗಿಂತ ಸ್ವಲ್ಪವೇ ದೊಡ್ಡದು. ೧೪೯೪ರಲ್ಲಿ ಕೊಲಂಬಸ್ಸನು ಅಲ್ಲಿಗೆ ಬಂದನು. ೧೫೦೩ರಲ್ಲಿ ಆತನ ಹಡಗುಗಳು ಕೆಟ್ಟು, ಸೇಂಟ್ ಆನ್ಸ್ ಬೇ ಎಂಬ ಕೊಲ್ಲಿಯಲ್ಲಿ ಒಂದು ವರ್ಷ ಸಿಕ್ಕಿಬಿದ್ದಿದ್ದನು. ಆ ದ್ವೀಪದ ಮೂಲನಿವಾಸಿಗಳು ಸ್ಪೇನಿನವರ ಆಳಿಕೆಯಲ್ಲಿ ಬಹುಮಟ್ಟಿಗೆ ನಾಶವಾದರು. ೧೬೫೫ರಲ್ಲಿ ಇಂಗ್ಲಿಷರು ದ್ವೀಪವನ್ನು ಹಿಡಿದು ಕಬ್ಬಿನ ತೋಟಗಳನ್ನು ಹಾಕಿದರು. ಆ ತೋಟಗಳಿಗೆ ಆಫ್ರಿಕದಿಂದ ಲಕ್ಷಾಂತರ ಜನರನ್ನು ಹಡಗಿನಲ್ಲಿ ತುಂಬಿ ತಂದು ಗುಲಾಮರನ್ನಾಗಿ ದುಡಿಸಿದರು. ೧೮೩೪ರಲ್ಲಿ ಗುಲಾಮಗಿರಿಯು ಕಾಯಿದೆಯ ಮೂಲಕ ರದ್ದಾಯಿತು. ಬಿಡುಗಡೆಯು ಪೂರ್ಣವಾದದ್ದು ೧೮೩೮ರ ಆಗಸ್ಟ್ ಒಂದರಂದು.

ಇಲ್ಲಿ ನಮ್ಮ ದೇಶದ ಕಥೆಯೂ ಬಂದು ಸೇರುತ್ತದೆ. ಬಿಡುಗಡೆ ಹೊಂದಿದವರು ತೋಟಗಳನ್ನು ಬಿಟ್ಟು ಬೆಟ್ಟಗಳಿಗೆ ಹೋಗಲು, ಧಣಿಗಳು ಕರಾರಿನ ಕೂಲಿಗಳಿಗಾಗಿ ಹಿಂದೂದೇಶದ ಕಡೆಗೆ ನೋಡಿದರು. ೧೮೪೫ರ ಮೇ ಹತ್ತರಂದು ಮೊದಲನೆಯ ಹಡಗು ಓಲ್ಡ್ ಹಾರ್ಬರ್ ಎಂಬ ರೇವಿಗೆ ಬಂದಿತು. ಅಂದಿನಿಂದ ೧೯೧೭ರವರೆಗೆ ಸುಮಾರು ೩೬,೦೦೦ ಮಂದಿ ಭಾರತೀಯರು ಜಮೈಕಕ್ಕೆ ಹೋದರು. ಅವರ ಗುರುತು ಆ ದ್ವೀಪದ ಧರ್ಮಜೀವನದಲ್ಲಿಯೂ ಉಳಿದಿದೆ. ರಾಸ್ತಾಫರಿ ಎಂಬ ಪಂಥದ ಆದಿಪ್ರಚಾರಕರಲ್ಲಿ ಒಬ್ಬನಾದ ಲಿಯೊನಾರ್ಡ್ ಹೊವೆಲ್ ಎಂಬಾತನು ತನ್ನ ಪುಸ್ತಕವನ್ನು ‘ಗಂಗುಂಗುರು ಮರಾಗ್’ ಎಂಬ ಹೆಸರಿನಿಂದ ಪ್ರಕಟಿಸಿದನು. ಅದರಲ್ಲಿ ‘ಗುರು’ ‘ಮಹಾರಾಜ’ ಎಂಬ ನಮ್ಮ ಮಾತುಗಳನ್ನು ಯಾರಾದರೂ ಗುರುತಿಸಬಹುದು. ಆ ಪಂಥದವರು ಪೂಜೆಯಲ್ಲಿ ಸೇದುವ ಸೊಪ್ಪಿಗೆ ‘ಗಾಂಜಾ’ ಎಂಬ ಹಿಂದೂದೇಶದ ಹೆಸರೇ ಅಲ್ಲಿ ನಡೆಯುತ್ತಿದೆ. ೧೯೩೦ರ ನವೆಂಬರಿನಲ್ಲಿ ಇಥಿಯೋಪಿಯದ ಪಟ್ಟವೇರಿದ ಹೈಲೆ ಸೆಲಾಸಿಯನ್ನು ಇವರು ದೇವರ ಅವತಾರವೆಂದು ಭಾವಿಸಿದರು. ‘ರಾಸ್ ತಾಫರಿ’ ಎಂಬುದು ಆತನ ಪೂರ್ವಾಶ್ರಮದ ಹೆಸರು. ಅಧಿಕಾರಿಗಳು ಈ ಪಂಥದವರನ್ನು ಹುಚ್ಚರೆಂದೂ ದ್ರೋಹಿಗಳೆಂದೂ ಬಗೆದು ಬಹುಕಾಲ ಹಿಂಸಿಸಿದರು.

ಇಂತಹ ದೇಶದಲ್ಲಿ, ಕೊಲಂಬಸ್ಸನು ಸಿಕ್ಕಿಬಿದ್ದಿದ್ದ ಅದೇ ಸೇಂಟ್ ಆನ್ಸ್ ಬೇ ಎಂಬ ಊರಿನಲ್ಲಿ, ೧೯೪೫ರ ಮಾರ್ಚ್ ಒಂದರಂದು ರಾಡ್ನಿಯು ಹುಟ್ಟಿದನು. ಅದೇ ಊರಿನಲ್ಲಿ ೧೮೮೭ರ ಆಗಸ್ಟ್ ಹದಿನೇಳರಂದು ಮಾರ್ಕಸ್ ಗಾರ್ವಿ ಎಂಬ ಮಹಾಪುರುಷನು ಹುಟ್ಟಿದ್ದನು. ರಾಡ್ನಿಯ ಜೀವಿತಕಾರ್ಯವೆಲ್ಲವೂ ಗಾರ್ವಿಯ ಹೆಸರಿಗೆ ಮುಡಿಪಾದುದರಿಂದ ಈ ಹಿರಿಯನ ವೃತ್ತಾಂತವನ್ನು ಸಂಕ್ಷೇಪವಾಗಿಯಾದರೂ ಹೇಳಬೇಕು.

ಗಾರ್ವಿಯು ಅಚ್ಚುಕೂಟದ ಕೆಲಸವನ್ನು ಕಲಿತವನು. ೧೯೧೪ರಲ್ಲಿ ಕಿಂಗ್‌ಸ್ಟನ್ ನಗರದಲ್ಲಿ ಕರಿಯ ಜನರ ಅಭಿವೃದ್ಧಿಗಾಗಿ ಒಂದು ಸಂಘವನ್ನು ಸ್ಥಾಪಿಸಿದನು. ೧೯೧೬ರಲ್ಲಿ ಅಮೆರಿಕಕ್ಕೆ ಹೋಗಿ ಅದನ್ನು ಲೋಕವ್ಯಾಪಕವಾದ ಚಳವಳಿಯನ್ನಾಗಿ ಬೆಳೆಸಿದನು. ‘ನೀಗ್ರೋ ವರ್ಲ್ಡ್’ ಎಂಬ ಪತ್ರಿಕೆಯನ್ನು ನಡೆಸಿದನು. ೧೯೧೯ರಲ್ಲಿ ‘ಬ್ಲ್ಯಾಕ್ ಸ್ಟಾರ್ ಲೈನ್’ ಎಂಬ ಹಡಗಿನ ಕಂಪೆನಿಯನ್ನು ಕರಿಯ ಜನರ ಪುಟ್ಟ ಪುಟ್ಟ ಪಾಲುಬಂಡವಾಳದಿಂದಲೇ ಹೂಡಿದನು. ಯಾವ ಸಮುದ್ರದ ಮೇಲೆ ತಮ್ಮ ಹಿರಿಯರನ್ನು ಸರಕಿನಂತೆ ಸಾಗಿಸಿದ್ದರೋ ಆ ಸಮುದ್ರದ ಮೇಲೆ ತಮ್ಮದೇ ಹಡಗು ಹೋಗಬೇಕೆಂಬುದು ಆ ಜನರ ಆಸೆ. ಕಂಪೆನಿಯು ಮುರಿಯಿತು. ೧೯೨೩ರಲ್ಲಿ ಅಂಚೆಯ ಮೂಲಕ ವಂಚಿಸಿದನೆಂಬ ಆರೋಪದ ಮೇಲೆ ಗಾರ್ವಿಗೆ ಶಿಕ್ಷೆಯಾಯಿತು. ೧೯೨೭ರಲ್ಲಿ ಸೆರೆಯಿಂದ ಬಿಟ್ಟು ಜಮೈಕಕ್ಕೆ ಗಡೀಪಾರು ಮಾಡಿದರು. ೧೯೪೦ರ ಜೂನ್ ಹತ್ತರಂದು ಲಂಡನ್ನಿನಲ್ಲಿ ಆತನು ತೀರಿಕೊಂಡನು. ಜಮೈಕವು ೧೯೬೨ರಲ್ಲಿ ಸ್ವತಂತ್ರವಾದ ಮೇಲೆ, ೧೯೬೪ರಲ್ಲಿ ಆತನ ಅಸ್ಥಿಗಳನ್ನು ತಾಯ್ನಾಡಿಗೆ ತಂದು, ಮೊದಲನೆಯ ರಾಷ್ಟ್ರವೀರನೆಂದು ಸನ್ಮಾನಿಸಿದರು. ಅಮೆರಿಕದ ಸರಕಾರವು ಆತನಿಗೆ ಮರಣೋತ್ತರವಾಗಿ ಕ್ಷಮಾದಾನವನ್ನಿತ್ತದ್ದು ೨೦೨೫ರ ಜನವರಿಯಲ್ಲಿ.

ಸರಕಾರವು ಬಿರುದನ್ನು ಕೊಡಬಲ್ಲುದು. ಜನರ ನಾಲಗೆಯ ಮೇಲೆ ಹೆಸರನ್ನು ನಿಲ್ಲಿಸಬಲ್ಲುದೆ? ಗಾರ್ವಿಯು ಹುಟ್ಟಿದ ಊರಿನಲ್ಲಿಯೇ ಬೆಳೆದ ರಾಡ್ನಿಗೆ ಆ ಹೆಸರು ಮಾಸುತ್ತಿರುವಂತೆ ತೋರಿತು. ಆತನ ಮುಂದಿನ ಕೆಲಸಕ್ಕೆಲ್ಲ ಈ ಕೊರಗೇ ಬೀಜವಾಯಿತು.

ಸಂಗೀತಕ್ಕೆ ರಾಡ್ನಿಯು ಬಂದ ಬಗೆಯು ಸರಳವಾದುದು. ೧೯೬೯ರಲ್ಲಿ ತನ್ನದೇ ಸೀಮೆಯವನಾದ ಬಾಬ್ ಮಾರ್ಲಿಯನ್ನು ಬೆಟ್ಟದ ದಾರಿಯಲ್ಲಿ ಸಂಧಿಸಿದನು. ಆಗ ಮಾರ್ಲಿಯು ಕತ್ತೆಯನ್ನು ಹೊಡೆದುಕೊಂಡು ತನ್ನ ಹೊಲಕ್ಕೆ ಹೋಗುತ್ತಿದ್ದನಂತೆ. ಹಾಡಬೇಕೆಂಬ ಆಸೆಯನ್ನು ರಾಡ್ನಿಯು ಹೇಳಿಕೊಳ್ಳಲು, ಕಿಂಗ್‌ಸ್ಟನ್ನಿನಲ್ಲಿ ಕ್ಲೆಮೆಂಟ್ ಡಾಡ್ ಎಂಬಾತನು ನಡೆಸುತ್ತಿದ್ದ ‘ಸ್ಟೂಡಿಯೋ ಒನ್’ ಎಂಬ ಧ್ವನಿಮುದ್ರಣಶಾಲೆಗೆ ಹೋಗೆಂದು ಮಾರ್ಲಿಯು ತಿಳಿಸಿದನು. ರಾಡ್ನಿಯು ಹಾಗೆಯೇ ಮಾಡಿದನು. ಆ ವರ್ಷವೇ ‘ಡೋರ್ ಪೀಪ್’ ಎಂಬ ಮೊದಲನೆಯ ಹಾಡು ಹೊರಬಂದಿತು. ರೂಪರ್ಟ್ ವಿಲಿಂಗ್ಟನ್, ಡೆಲ್ರಾಯ್ ಹೈಂಡ್ಸ್ ಎಂಬಿಬ್ಬರು ಜೊತೆಗಾಯಕರಾದರು. ಈ ಮೂವರ ಮೇಳಕ್ಕೆ ಇಟ್ಟ ಹೆಸರೇ ಬರ್ನಿಂಗ್ ಸ್ಪಿಯರ್. ಕೀನ್ಯ ದೇಶದ ಸ್ವಾತಂತ್ರ್ಯನಾಯಕನಾದ ಜೋಮೊ ಕೆನ್ಯಾಟನಿಗೆ ಸಂದಿದ್ದ ಬಿರುದು ಅದು. ಡಾಡನಲ್ಲಿ ಮುದ್ರಿತವಾದ ಹಾಡುಗಳು ೧೯೭೩ರಲ್ಲಿ ಒಂದು, ೧೯೭೪ರಲ್ಲಿ ಒಂದು, ಹೀಗೆ ಎರಡು ತಟ್ಟೆಗಳಾಗಿ ಬಂದುವು. ಅವುಗಳಿಂದ ದೊಡ್ಡ ಹೆಸರೇನೂ ಬರಲಿಲ್ಲ.

ಈ ಸಂಗೀತದ ಸ್ವರೂಪವನ್ನು ನಮ್ಮ ಸಂಗೀತವನ್ನು ಬಲ್ಲವರಿಗೆ ಹೀಗೆ ತಿಳಿಸಬಹುದು. ನಮ್ಮ ಆದಿತಾಳದಲ್ಲಿ ಸಮವೆನಿಸುವ ಮೊದಲ ಪೆಟ್ಟಿಗೆ ಮರ್ಯಾದೆ ಹೆಚ್ಚು. ರೆಗ್ಗೆಯಲ್ಲಿ ನಾಲ್ಕು ಎಣಿಕೆಗಳ ಆವರ್ತದಲ್ಲಿ ಮೊದಲನೆಯದನ್ನು ಅನೇಕವೇಳೆ ಬರಿದಾಗಿ ಬಿಟ್ಟು, ಮೂರನೆಯದರ ಮೇಲೆ ಮದ್ದಲೆಯ ಭಾರವನ್ನೆಲ್ಲ ಇಳಿಸುವರು. ಎರಡು ಮತ್ತು ನಾಲ್ಕನೆಯ ಎಣಿಕೆಗಳಲ್ಲಿ ಗಿಟಾರು ಚಿಟಿಕೆ ಹಾಕಿದಂತೆ ನುಡಿಯುತ್ತದೆ. ತಗ್ಗುಸ್ವರದ ತಂತಿವಾದ್ಯವು ಹಾಡಿನ ಅಡಿಪಾಯವಾಗಿ ನಡೆಯುತ್ತದೆ. ೧೯೬೦ರ ದಶಕದ ಕೊನೆಯಲ್ಲಿ ಈ ನಡೆ ರೂಪುಗೊಂಡಿತು. ಅದಕ್ಕೆ ರಾಸ್ತಾಫರಿ ಪಂಥದವರ ಭಜನೆಯ ಮದ್ದಲೆಗಳೂ ಪೂರ್ವಿಕರ ಸ್ಮರಣೆಯೂ ಸೇರಿ ‘ರೂಟ್ಸ್’ ಎಂಬ ವಿಶೇಷಣ ಬಂದಿತು. ರಾಡ್ನಿಯ ಗಾಯನದಲ್ಲಿ ಮಾತುಗಳು ಕಡಮೆ. ಒಂದೇ ಮಾತನ್ನು ಮತ್ತೆ ಮತ್ತೆ, ಪ್ರತಿಸಲವೂ ಬೇರೆ ತೂಕದಿಂದ ಹೇಳುತ್ತಾನೆ. ನಮ್ಮ ಹಳ್ಳಿಗಳ ಭಜನೆಯ ಮನೆಗಳಲ್ಲಿ ಏಕತಾರಿ ಹಿಡಿದು ತತ್ತ್ವಪದವನ್ನು ಹಾಡುವವರನ್ನು ಕೇಳಿದವರಿಗೆ ಈ ಬಗೆ ಹೊಸದಲ್ಲ.

ಡಾಡನನ್ನು ಬಿಟ್ಟ ಮೇಲೆ ರಾಡ್ನಿಯು ತನ್ನ ಸೀಮೆಗೆ ಹಿಂದಿರುಗಿದನು. ಅಲ್ಲಿ ಓಚೋ ರಿಯೋಸ್ ಎಂಬ ಊರಿನಲ್ಲಿ ಧ್ವನಿವರ್ಧಕಗಳ ದೊಡ್ಡ ಮೇಳವನ್ನಿಟ್ಟುಕೊಂಡು ಕುಣಿತದ ಕೂಟಗಳನ್ನು ನಡೆಸುತ್ತಿದ್ದ ಜ್ಯಾಕ್ ರೂಬಿ ಎಂಬಾತನ ಸಹಾಯ ದೊರೆಯಿತು. ‘ಮಾರ್ಕಸ್ ಗಾರ್ವಿ’ ಎಂಬ ಹಾಡನ್ನು ಮೊದಲು ಆ ಕೂಟಗಳಿಗೆಂದೇ ಮುದ್ರಿಸಿದರು. ಜನರು ಕೇಳಿ ಬಿಡಲೊಲ್ಲದೆ ಹೋದುದರಿಂದ ಅದನ್ನು ಮಾರಾಟಕ್ಕೆ ತಂದರು. ೧೯೭೫ರಲ್ಲಿ ಅದೇ ಹೆಸರಿನ ದೊಡ್ಡ ತಟ್ಟೆಯು ಹೊರಟಿತು. ಅದರಲ್ಲಿ ಒಂದು ಹಾಡು ಗುಲಾಮಗಿರಿಯ ದಿನಗಳನ್ನು ನೆನೆಯುವಿರಾ ಎಂದು ಕೇಳುವವರನ್ನು ಪ್ರಶ್ನಿಸುತ್ತದೆ. ಮತ್ತೊಂದು ಹಾಡು, ೧೮೬೫ರಲ್ಲಿ ಗಲ್ಲಿಗೇರಿದ ಪಾಲ್ ಬೋಗಲ್ ಮೊದಲಾಗಿ ಬೇರೆ ಬೇರೆ ನಾಯಕರ ಹೆಸರನ್ನೆಲ್ಲ ಜನರು ಎತ್ತುವರು, ಮುದುಕ ಗಾರ್ವಿಯನ್ನು ಮಾತ್ರ ಮರೆತಿರುವರು ಎಂದು ವ್ಯಥೆಪಡುತ್ತದೆ. ಶಾಲೆಯ ಪಾಠಪುಸ್ತಕವು ಮಾಡಬೇಕಾಗಿದ್ದ ಕೆಲಸವನ್ನು ಒಂದು ಹಾಡಿನ ತಟ್ಟೆಯು ಮಾಡಿತು. ಗಾರ್ವಿಯ ಪತ್ರಿಕೆಯನ್ನು ಕಂಡಿಲ್ಲದ, ಸಭೆಗಳ ಕಾಲಕ್ಕೆ ಹುಟ್ಟಿಯೇ ಇಲ್ಲದ ತರುಣರು ಆತನ ಹೆಸರನ್ನು ಲಂಡನ್ನಿನಲ್ಲಿಯೂ ಆಫ್ರಿಕದಲ್ಲಿಯೂ ಹಾಡತೊಡಗಿದರು.

ಆದರೆ ಆ ಹಾಡಿಗೂ ಒಂದು ಸಂಕಟ ಒದಗಿತು. ಲೋಕದಲ್ಲೆಲ್ಲ ಮಾರುವುದಕ್ಕಾಗಿ ಆ ತಟ್ಟೆಯನ್ನು ಕೊಂಡ ಐಲೆಂಡ್ ಎಂಬ ಕಂಪೆನಿಯವರು, ಬಿಳಿಯ ಶ್ರೋತೃಗಳ ಕಿವಿಗೆ ಹಿತವಾಗಲೆಂದು ಅದರ ಧ್ವನಿಮಿಶ್ರಣವನ್ನು ಬದಲಾಯಿಸಿದರು. ಗಾಯಕನಿಗೆ ಇದು ಸರಿಬೀಳಲಿಲ್ಲ. ತನ್ನ ಹಿರಿಯರ ಕಥೆಯನ್ನು ಇತರರು ಬರೆದರೆಂಬ ದುಃಖದಿಂದ ಹಾಡಿದ ಹಾಡನ್ನೇ ಇತರರು ತಿದ್ದಿದರೆ ಆಗುವ ನೋವು ಎಂತಹದೆಂಬುದನ್ನು ವಾಚಕರು ಊಹಿಸಿಕೊಳ್ಳಬಹುದು. ಆತನು ಜಗಳಕ್ಕಿಂತ ಹೆಚ್ಚು ಪ್ರಯೋಜನವಾದ ದಾರಿಯನ್ನು ಹಿಡಿದನು: ತನ್ನದೇ ಹೆಸರಿನ ಮುದ್ರೆಯಲ್ಲಿ ಹಾಡುಗಳನ್ನು ಹೊರಡಿಸಲು ಮೊದಲುಮಾಡಿದನು. ೧೯೭೬ರಲ್ಲಿ ‘ಮ್ಯಾನ್ ಇನ್ ದ ಹಿಲ್ಸ್’ ಬಂದಿತು. ಬೆಟ್ಟದಲ್ಲಿ ಬೆಳೆದವನ ಬಾಲ್ಯವು ಅದರ ವಸ್ತು. ಆ ಬಳಿಕ ಜೊತೆಗಾಯಕರಿಂದಲೂ ಜ್ಯಾಕ್ ರೂಬಿಯಿಂದಲೂ ಬೇರೆಯಾಗಿ, ಉರಿಯುವ ಈಟಿಯೆಂಬ ಹೆಸರನ್ನು ತಾನೊಬ್ಬನೇ ಹೊತ್ತು, ೧೯೭೭ರಲ್ಲಿ ‘ಡ್ರೈ ಅಂಡ್ ಹೆವಿ’ಯನ್ನು ಸ್ವತಃ ನಿರ್ಮಿಸಿದನು. ೧೯೭೮ರಲ್ಲಿ ‘ಸೋಷಿಯಲ್ ಲಿವಿಂಗ್’ ಹೊರಟಿತು. ಆ ವರ್ಷದ ‘ರಾಕರ್ಸ್’ ಎಂಬ ಚಲಚ್ಚಿತ್ರದಲ್ಲಿ ರಾತ್ರಿಯ ಹೊತ್ತು ವಾದ್ಯಗಳೇ ಇಲ್ಲದೆ ಆತನು ಹಾಡುವ ಒಂದು ದೃಶ್ಯವುಂಟು.

೧೯೮೦ರಲ್ಲಿ ಬಂದ ‘ಹೈಲ್ ಹಿಮ್’ ಎಂಬ ತಟ್ಟೆಯಲ್ಲಿ ಕೊಲಂಬಸ್ಸನ ಮೇಲೆ ಒಂದು ಹಾಡಿದೆ. ಮೂಲನಿವಾಸಿಗಳು ಮೊದಲೇ ಇದ್ದ ದ್ವೀಪವನ್ನು ಕೊಲಂಬಸ್ಸನು ಕಂಡುಹಿಡಿದನೆಂದು ಹೇಳುವುದು ಸುಳ್ಳು ಎಂಬುದು ಅದರ ತಾತ್ಪರ್ಯ. ಇದು ಈಗ ನಮ್ಮ ಮಕ್ಕಳಿಗೂ ತಿಳಿದ ವಿಚಾರವೆಂದು ತೋರಬಹುದು. ಆದರೆ ಕೊಲಂಬಸ್ಸನ ಹಡಗುಗಳು ಕೊಳೆತ ಕೊಲ್ಲಿಯ ದಡದಲ್ಲಿಯೇ ಹುಟ್ಟಿದವನು ಅದನ್ನು ಹಾಡಿದನೆಂಬುದನ್ನು ಮರೆಯಬಾರದು. ಚರಿತ್ರೆಯ ವಾದವನ್ನು ಹಾಡಿನಲ್ಲಿ ಹೂಡಿ ಗೆದ್ದವರು ಬಹುಮಂದಿ ಇಲ್ಲ.

೧೯೮೧ರಲ್ಲಿ ಮಾರ್ಲಿಯು ಮೂವತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡನು. ಜಮೈಕದ ಕುಣಿತದ ಕೂಟಗಳಲ್ಲಿ ಬೇರೆ ಬಗೆಯ ಹಾಡುಗಳು ಮೇಲಾದುವು. ರಾಡ್ನಿಯು ತನ್ನ ದಾರಿಯನ್ನು ಬಿಡಲಿಲ್ಲ. ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ನೆಲಸಿ ದೇಶದೇಶಗಳನ್ನು ಸುತ್ತಿ ಹಾಡಿದನು. ೧೯೯೯ರ ‘ಕಾಲಿಂಗ್ ರಾಸ್ತಾಫರಿ’ ಎಂಬ ಕೃತಿಗೆ ೨೦೦೦ದಲ್ಲಿ, ೨೦೦೮ರ ‘ಜಾ ಈಸ್ ರಿಯಲ್’ ಎಂಬ ಕೃತಿಗೆ ೨೦೦೯ರಲ್ಲಿ, ಹೀಗೆ ಎರಡು ಸಲ ಅಮೆರಿಕದ ಗ್ರ್ಯಾಮಿ ಪಾರಿತೋಷಕವು ಆತನಿಗೆ ಬಂದಿತು. ೨೦೦೭ರಲ್ಲಿ ಜಮೈಕದ ಸರಕಾರವು ಆತನಿಗೆ ಗೌರವಪದವಿಯನ್ನಿತ್ತಿತು. ಅಷ್ಟರಲ್ಲಿ ತನ್ನ ಪತ್ನಿಯೊಡನೆ ‘ಬರ್ನಿಂಗ್ ಮ್ಯೂಸಿಕ್’ ಎಂಬ ಸ್ವಂತ ಪ್ರಕಾಶನವನ್ನು ಸ್ಥಾಪಿಸಿ, ತನ್ನ ಹಾಡಿನ ಯಜಮಾನಿಕೆಯನ್ನು ತನ್ನ ಕೈಯಲ್ಲಿ ಇಟ್ಟುಕೊಂಡಿದ್ದನು. ಎಪ್ಪತ್ತೆಂಟನೆಯ ವಯಸ್ಸಿನಲ್ಲಿ, ೨೦೨೩ರಲ್ಲಿ, ಮತ್ತೊಂದು ಹೊಸ ಕೃತಿಯನ್ನು ಹೊರಡಿಸಿದನು. ೨೦೧೮ರ ನವೆಂಬರಿನಲ್ಲಿ ಯುನೆಸ್ಕೋ ಸಂಸ್ಥೆಯು ಜಮೈಕದ ರೆಗ್ಗೆ ಸಂಗೀತವನ್ನು ಮಾನವಕುಲದ ಪರಂಪರೆಯ ಪಟ್ಟಿಯಲ್ಲಿ ಸೇರಿಸಿತು. ಆ ಸಭೆ ನಡೆದದ್ದು ಮಾರಿಷಸ್ ದ್ವೀಪದಲ್ಲಿ. ಅದೂ ಗುಲಾಮರೂ ಭಾರತದ ಕೂಲಿಗಳೂ ಕಬ್ಬಿನ ತೋಟಗಳಲ್ಲಿ ದುಡಿದ ದ್ವೀಪವೇ.

ಇಷ್ಟು ಹೇಳಿದ ಮೇಲೆ ಚರಿತ್ರಕಾರನ ಒಂದು ಎಚ್ಚರವನ್ನು ಸೇರಿಸದಿದ್ದರೆ ಸತ್ಯಕ್ಕೆ ಲೋಪವಾದೀತು. ಹಾಡು ಮರೆತುದನ್ನು ಉಳಿಸುತ್ತದೆ, ಉಳಿಸುವಾಗ ಬದಲಾಯಿಸುತ್ತದೆ. ಆಫ್ರಿಕದಲ್ಲಿ ಕರಿಯ ಅರಸನಿಗೆ ಪಟ್ಟವಾಗುವುದನ್ನು ಗಾರ್ವಿಯು ಮುಂಚೆಯೇ ನುಡಿದಿದ್ದನೆಂದು ರಾಸ್ತಾಫರಿ ಪಂಥದವರು ನಂಬಿ ಆತನನ್ನು ಪ್ರವಾದಿಯಾಗಿ ಪೂಜಿಸುವರು. ನಿಜವಾದ ಗಾರ್ವಿಯಾದರೋ ಆ ಪಂಥದವನಲ್ಲ; ಇಟಲಿಯವರ ದಾಳಿಯ ಕಾಲದಲ್ಲಿ ದೇಶವನ್ನು ಬಿಟ್ಟುಹೋದ ಹೈಲೆ ಸೆಲಾಸಿಯನ್ನು ೧೯೩೭ರ ಸುಮಾರಿನಲ್ಲಿ ತನ್ನ ಪತ್ರಿಕೆಯಲ್ಲಿ ಕಟುವಾಗಿ ಖಂಡಿಸಿದವನು. ಹಾಡಿನ ಗಾರ್ವಿಯೂ ಕಡತದ ಗಾರ್ವಿಯೂ ಒಬ್ಬರೇ ಅಲ್ಲ. ಹಾಗೆಂದು ಹಾಡನ್ನು ತಳ್ಳಿಹಾಕುವುದು ಸಲ್ಲದು. ಹಾಡು ಇಲ್ಲದೆ ಇದ್ದಿದ್ದರೆ ಕಡತವನ್ನು ತೆರೆಯಬೇಕೆಂಬ ಬುದ್ಧಿಯು ಎಷ್ಟು ಮಂದಿಗೆ ಬರುತ್ತಿದ್ದಿತು? ಕಡತವಿಲ್ಲದೆ ಹೋಗಿದ್ದರೆ ಹಾಡು ಎಲ್ಲಿ ಸರಿದಿದೆಯೆಂದು ತಿಳಿಯುತ್ತಿದ್ದ ಬಗೆ ಯಾವುದು? ಎರಡೂ ಬೇಕು, ಒಂದು ಇನ್ನೊಂದರ ಸಾಕ್ಷಿ.

ಈಗ ನಮ್ಮ ನಾಡಿನ ಕಡೆಗೆ ತಿರುಗೋಣ. ‘ಮಾರ್ಕಸ್ ಗಾರ್ವಿ’ ತಟ್ಟೆ ಹೊರಟ ೧೯೭೫ರಲ್ಲಿಯೇ ಕನ್ನಡದಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಪ್ರಕಟವಾಯಿತು. ಮಾಗಡಿಯ ಸೀಮೆಯಲ್ಲಿ ೧೯೫೪ರಲ್ಲಿ ಹುಟ್ಟಿ ಬೆಂಗಳೂರಿನ ಬಡಕೇರಿಯಲ್ಲಿ ಬೆಳೆದ ಆ ಕವಿಯ ಹಾಡುಗಳನ್ನು ದಲಿತ ಸಂಘರ್ಷ ಸಮಿತಿಯವರು ಊರೂರಿನಲ್ಲಿ ತಮಟೆಯೊಡನೆ ಹಾಡಿದರು. ಒಬ್ಬರು ಇನ್ನೊಬ್ಬರನ್ನು ಅನುಕರಿಸಿದರೆಂದು ಹೇಳುವುದಕ್ಕೆ ಯಾವ ಕಾರಣವೂ ಇಲ್ಲ. ಒಂದೇ ಬಗೆಯ ಮೌನವು ಎರಡು ದೇಶಗಳಲ್ಲಿ ಒಂದೇ ಕಾಲಕ್ಕೆ ಒಡೆಯಿತೆಂಬುದಷ್ಟೇ ಸಂಗತಿ. ಸಿದ್ಧಲಿಂಗಯ್ಯನವರು ೨೦೨೧ರಲ್ಲಿ ನಮ್ಮನ್ನು ಅಗಲಿದರು. ಈಚಿನ ವರ್ಷಗಳಲ್ಲಿ ಕೆ. ಪಿ. ಲಕ್ಷ್ಮಣರ ನಿರ್ದೇಶನದಲ್ಲಿ ‘ಬಾಬ್ ಮಾರ್ಲಿ ಫ್ರಮ್ ಕೋಡಿಹಳ್ಳಿ’ ಎಂಬ ಕನ್ನಡ ನಾಟಕವು ಆಡಲ್ಪಟ್ಟು, ನಗರಕ್ಕೆ ಬಂದ ದಲಿತ ತರುಣರ ಬಾಳನ್ನು ರಂಗದ ಮೇಲೆ ತಂದಿತು. ಜಮೈಕದ ಹೆಸರು ಕನ್ನಡದ ಹಳ್ಳಿಯ ಹೆಸರಿನೊಡನೆ ಕೂಡಿದುದು ಆಕಸ್ಮಿಕವಲ್ಲ.

ಮಾರತ್ತಹಳ್ಳಿ, ವೈಟ್‌ಫೀಲ್ಡ್, ಪೀಣ್ಯ ಮೊದಲಾದ ಕಡೆಗಳಲ್ಲಿ ಹಳ್ಳಿಗಳ ಮೇಲೆ ನಗರವು ಹಬ್ಬಿರುವುದನ್ನು ನಾವೆಲ್ಲರೂ ಕಂಡಿದ್ದೇವೆ. ರಾಗಿಯ ಹೊಲವಿದ್ದಲ್ಲಿ ಗಾಜಿನ ಸೌಧಗಳು ನಿಂತಿವೆ. ಕೆರೆಗಳು ಕೆಲವು ಹೆಸರಿನಲ್ಲಿ ಮಾತ್ರ ಉಳಿದಿವೆ. ಭೂಮಿಯ ಕ್ರಯಪತ್ರಗಳು ಕಛೇರಿಗಳಲ್ಲಿ ಭದ್ರವಾಗಿರುವುವು. ಆದರೆ ಆ ಭೂಮಿಯಲ್ಲಿ ಕಳೆ ಕೀಳುತ್ತ ಹಾಡಿದ ಪದಗಳು, ಸೋಬಾನೆಗಳು, ಊರಹಬ್ಬದ ಕಥೆಗಳು ಯಾವ ಕಛೇರಿಯಲ್ಲಿಯೂ ಇಲ್ಲ. ಅವು ಎಂಬತ್ತು ದಾಟಿದ ಕೆಲವರ ನೆನಪಿನಲ್ಲಿ ಇವೆ, ಅವರೊಡನೆ ಹೋಗಲಿವೆ. ಮೊದಲು ಬರೆದುಕೊಳ್ಳುವುದು, ಆಮೇಲೆ ಕಡತದೊಡನೆ ಹೋಲಿಸಿ ನೋಡುವುದು, ಇದೇ ಕ್ರಮ. ಹಾಡಿದವರ ಹೆಸರನ್ನು ಹಾಡಿನೊಡನೆ ಬರೆಯುವುದನ್ನೂ, ಕೇಳುವವರ ರುಚಿಗಾಗಿ ಅದನ್ನು ತಿದ್ದದಿರುವುದನ್ನೂ ರಾಡ್ನಿಯ ಅನುಭವವು ನಮಗೆ ಕಲಿಸುತ್ತದೆ.

ಇದಕ್ಕೆ ಬೇಕಾಗಿರುವುದು ದೊಡ್ಡ ಧನವಲ್ಲ, ಒಂದು ಪುಸ್ತಕ, ಒಂದು ಧ್ವನಿಯಂತ್ರ, ಹಿರಿಯರ ಬಳಿ ಕೂರುವಷ್ಟು ತಾಳ್ಮೆ. ಇವು ಯಾವ ಮನೆಯಲ್ಲಿಯೂ ದುರ್ಲಭವಲ್ಲ. ತನ್ನ ಊರಿನಲ್ಲಿ ಹುಟ್ಟಿದ ಹಿರಿಯನೊಬ್ಬನನ್ನು ಮರೆಯಲೊಲ್ಲೆನೆಂದು ಹಟ ಹಿಡಿದ ಒಬ್ಬ ಬಡವನಿಂದ ಲೋಕಕ್ಕೆ ಇಷ್ಟು ಕೆಲಸವಾಯಿತು. ನಮ್ಮ ಊರುಗಳಲ್ಲಿ ಯಾರನ್ನು ಮರೆತಿರುವೆವೆಂದು ಕೇಳಿಕೊಳ್ಳುವ ಹೊಣೆಯು ಓದುಬರಹ ಬಲ್ಲ ಪ್ರತಿಯೊಂದು ಮನೆಗೂ ಸೇರಿದುದು.